ತಾತಗುಣಿಯ ದೇವಿಕಾ ರಾಣಿ: ತೆರೆಯ ಮೇಲೆ ಒಂದು ದಶಕ, ತೋಟದಲ್ಲಿ ನಾಲ್ಕು ದಶಕ

ಬೆಂಗಳೂರು: ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯ ಬಳಿಯಿಂದ ಹೊರಟು ಪೀಣ್ಯದಾಚೆಯ ತುಮಕೂರು ರಸ್ತೆಯನ್ನು ಮುಟ್ಟುವ ನೈಸ್ ರಸ್ತೆ, ನಡುದಾರಿಯಲ್ಲಿ ಕನಕಪುರ ರಸ್ತೆಯನ್ನು ಅಡ್ಡಹಾಯುತ್ತದೆ. ಆ ಕೂಡುರಸ್ತೆಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಸಿಗುವುದು ತಾತಗುಣಿ. ಅಲ್ಲಿನ 468 ಎಕರೆ ವಿಸ್ತಾರದ ತೋಟವೊಂದರಲ್ಲಿ, ಮರಗಳ ನೆರಳಿನಲ್ಲಿ ಎರಡು ಸಮಾಧಿಗಳಿವೆ. ಒಂದು ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಅವರದು. ಇನ್ನೊಂದು ಅವರ ಪತ್ನಿ, ಹಿಂದಿ ಚಿತ್ರರಂಗದ ಮೊದಲ ದೊಡ್ಡ ತಾರೆ ಎನಿಸಿದ ದೇವಿಕಾ ರಾಣಿ ಅವರದು.

ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಡಾ. ರಾಜ್‌ಕುಮಾರ್. 1995ನೇ ಸಾಲಿನ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಅದಕ್ಕೂ ಕಾಲು ಶತಮಾನ ಮೊದಲೇ, 1969ನೇ ಸಾಲಿನ ಮೊತ್ತಮೊದಲ ಫಾಲ್ಕೆ ಪ್ರಶಸ್ತಿಯನ್ನು ಪಡೆದವರು ಬೆಂಗಳೂರಿನ ಅಂಚಿನಲ್ಲಿ ವಾಸವಾಗಿದ್ದ ಈ ಮಹಿಳೆ ಎಂಬುದು ಇಂದು ಬಹುಮಂದಿಗೆ ತಿಳಿಯದು. ಅವರು ತೆರೆಯ ಮೇಲೆ ಕಾಣಿಸಿಕೊಂಡದ್ದು 1933ರಿಂದ 1943ರವರೆಗೆ, ಹತ್ತು ವರ್ಷ ಮಾತ್ರ. ಬೆಂಗಳೂರಿನಲ್ಲಿ ಬಾಳಿದ್ದು ನಾಲ್ಕು ದಶಕಕ್ಕೂ ಮಿಗಿಲು.

ಅವರ ಬದುಕಿನ ಈ ಎರಡು ಭಾಗಗಳನ್ನು ಬೇರೆಬೇರೆಯಾಗಿ ಹೇಳುವುದು ವಾಡಿಕೆ. ಒಂದರಲ್ಲಿ ತಾರೆಯ ಬೆಡಗು, ಇನ್ನೊಂದರಲ್ಲಿ ಆಸ್ತಿಯ ವ್ಯಾಜ್ಯ. ಆದರೆ ಎರಡನ್ನೂ ಜೋಡಿಸುವ ಎಳೆಯೊಂದಿದೆ. ಒಬ್ಬರು ಕಷ್ಟಪಟ್ಟು ಕಟ್ಟಿದ್ದನ್ನು ಅವರ ನಂತರ ಕಾಯುವವರು ಯಾರು ಎಂಬುದೇ ಆ ಎಳೆ. ಮುಂಬಯಿಯಲ್ಲಿ ಈ ಪ್ರಶ್ನೆ ಒಂದು ಸ್ಟುಡಿಯೋವನ್ನು ಕುರಿತು ಎದ್ದಿತು. ತಾತಗುಣಿಯಲ್ಲಿ ಅದೇ ಪ್ರಶ್ನೆ ಒಂದು ತೋಟವನ್ನು ಕುರಿತು ಎದ್ದು, ದೇಶದ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೂ ಹೋಯಿತು.

ವಾಲ್ಟೇರಿನಿಂದ ಲಂಡನ್‌ಗೆ

ದೇವಿಕಾ ರಾಣಿ ಜನಿಸಿದ್ದು 1908ರ ಮಾರ್ಚ್ 30ರಂದು, ಅಂದಿನ ಮದರಾಸು ಪ್ರಾಂತ್ಯದ ವಾಲ್ಟೇರಿನಲ್ಲಿ. ಅದು ಇಂದಿನ ವಿಶಾಖಪಟ್ಟಣದ ಭಾಗ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದರಾಸು ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯ. ಬಂಗಾಳದ ಸುಶಿಕ್ಷಿತ ಮನೆತನ. ರವೀಂದ್ರನಾಥ ಟ್ಯಾಗೋರರ ಕುಟುಂಬದೊಡನೆ ನೆಂಟಸ್ತಿಕೆ. ಬಂಗಾಳಿ ಸಾಹಿತಿ ಪ್ರಮಥ ಚೌಧುರಿ ಅವರ ಚಿಕ್ಕಪ್ಪ.

ಸಿನಿಮಾದಲ್ಲಿ ನಟಿಸುವುದನ್ನು ಮರ್ಯಾದಸ್ಥ ಮನೆತನಗಳ ಹೆಣ್ಣುಮಕ್ಕಳು ಕನಸಿನಲ್ಲಿಯೂ ನೆನೆಯದ ಕಾಲವದು. ಮೂಕಿಚಿತ್ರಗಳ ಆರಂಭದಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಬಾಲ್ಯದಲ್ಲಿಯೇ ಇಂಗ್ಲೆಂಡಿನ ವಸತಿ ಶಾಲೆಗೆ ಹೋದ ದೇವಿಕಾ, ಅಲ್ಲಿಯೇ ಬೆಳೆದು, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಮತ್ತು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಗಳಲ್ಲಿ ಅಭಿನಯ, ಸಂಗೀತಗಳನ್ನು ಕಲಿತರು. ಜವಳಿ ವಿನ್ಯಾಸ, ಅಲಂಕಾರ ಕಲೆಗಳಲ್ಲಿಯೂ ತರಬೇತಿ ಪಡೆದರು. ಸ್ವಂತ ದುಡಿಮೆಯಿಂದ ಬದುಕುವ ದಾರಿಯನ್ನು ಅವರು ನಟಿಯಾಗುವ ಮೊದಲೇ ಹಿಡಿದಿದ್ದರು ಎಂಬುದು ಗಮನಾರ್ಹ.

1928ರಲ್ಲಿ ಅವರಿಗೆ ಹಿಮಾಂಶು ರಾಯ್ ಅವರ ಪರಿಚಯವಾಯಿತು. ಕಾನೂನು ಓದಿ ರಂಗಭೂಮಿಗೆ ಒಲಿದಿದ್ದ ರಾಯ್, ಜರ್ಮನ್ ಸಹಯೋಗದಲ್ಲಿ 'ಲೈಟ್ ಆಫ್ ಏಷ್ಯಾ' (1925) ಮತ್ತು 'ಶಿರಾಜ್' (1928) ಎಂಬ ಮೂಕಿಚಿತ್ರಗಳನ್ನು ತಯಾರಿಸಿದ್ದರು. ಮೂರನೆಯದಾದ 'ಪ್ರಪಂಚ ಪಾಶ್' (1929) ಚಿತ್ರಕ್ಕೆ ದೇವಿಕಾ ವಸ್ತ್ರವಿನ್ಯಾಸ ಹಾಗೂ ಕಲಾ ವಿಭಾಗದಲ್ಲಿ ದುಡಿದರು. ತೆರೆಯ ಮುಂದಲ್ಲ, ತೆರೆಯ ಹಿಂದೆ ನಿಂತು ಅವರು ಚಿತ್ರರಂಗ ಪ್ರವೇಶಿಸಿದರು. 1929ರಲ್ಲಿ ಇಬ್ಬರ ವಿವಾಹವಾಯಿತು.

ಬರ್ಲಿನ್ ಪಾಠ, 'ಕರ್ಮ' ಚಿತ್ರ

ಮದುವೆಯ ನಂತರ ದಂಪತಿ ಜರ್ಮನಿಗೆ ತೆರಳಿದರು. ಬರ್ಲಿನ್ ಸಮೀಪದ ಯೂಫಾ ಸ್ಟುಡಿಯೋ ಆಗ ಜಗತ್ತಿನ ಪ್ರಮುಖ ಚಿತ್ರಕೇಂದ್ರಗಳಲ್ಲೊಂದು. ಬೆಳಕು, ಪ್ರಸಾಧನ, ರಂಗಸಜ್ಜು, ಸಂಕಲನ ಇವೆಲ್ಲ ಒಂದೇ ಸೂರಿನಡಿ ಕಾರ್ಖಾನೆಯ ಶಿಸ್ತಿನಲ್ಲಿ ನಡೆಯುತ್ತಿದ್ದ ತಾಣ ಅದು. ದೇವಿಕಾ ಅಲ್ಲಿ ಚಿತ್ರನಿರ್ಮಾಣದ ನಾನಾ ವಿಭಾಗಗಳ ಕೆಲಸವನ್ನು ಹತ್ತಿರದಿಂದ ಕಂಡು ಕಲಿತರು. ಮುಂದೆ ಸ್ಟುಡಿಯೋವೊಂದನ್ನು ಸ್ವತಃ ನಡೆಸಬೇಕಾಗಿ ಬಂದಾಗ ನೆರವಾದದ್ದು ಈ ಪಾಠವೇ.

1933ರಲ್ಲಿ ಲಂಡನ್ನಿನಲ್ಲಿ ತೆರೆಕಂಡ 'ಕರ್ಮ' ಅವರು ನಾಯಕಿಯಾಗಿ ನಟಿಸಿದ ಮೊದಲ ಚಿತ್ರ. ಇಂಗ್ಲಿಷಿನಲ್ಲಿ ತಯಾರಾದ ಈ ಮಾತಿನ ಚಿತ್ರದಲ್ಲಿ ನಾಯಕ ಹಿಮಾಂಶು ರಾಯ್. ಅಲ್ಲಿನ ಪತ್ರಿಕೆಗಳು ನಾಯಕಿಯ ರೂಪವನ್ನೂ ಇಂಗ್ಲಿಷ್ ಉಚ್ಚಾರಣೆಯನ್ನೂ ಮೆಚ್ಚಿದವು. ಹಿಂದಿ ರೂಪಾಂತರ ಭಾರತದಲ್ಲಿ ಹೆಚ್ಚು ಯಶಸ್ಸು ಕಾಣಲಿಲ್ಲ.

ಈ ಚಿತ್ರದ ಹೆಸರೆತ್ತಿದರೆ ಇಂದಿಗೂ ಮೊದಲು ಬರುವ ಮಾತು ಅದರ ಚುಂಬನ ದೃಶ್ಯದ್ದು. ನಾಲ್ಕು ನಿಮಿಷಗಳ ಚುಂಬನ ಎಂಬ ಪ್ರತೀತಿ ಬಾಯಿಂದ ಬಾಯಿಗೆ ಹರಡಿ ದಾಖಲೆಯೆಂಬಂತೆ ಉಳಿದಿದೆ. ಹಾವು ಕಚ್ಚಿ ಪ್ರಜ್ಞೆ ತಪ್ಪಿ ಬಿದ್ದ ರಾಜಕುಮಾರನನ್ನು ನಾಯಕಿ ದುಃಖದಿಂದ ಚುಂಬಿಸುವ ಸನ್ನಿವೇಶ ಅದು. ಚಿತ್ರವನ್ನು ನೋಡಿದವರಿಗೆ ನಾಲ್ಕು ನಿಮಿಷದ ಲೆಕ್ಕ ಉತ್ಪ್ರೇಕ್ಷೆ ಎಂಬುದು ಸ್ಪಷ್ಟ. ಇಡೀ ವೃತ್ತಿಜೀವನವನ್ನು ಈ ಒಂದು ದೃಶ್ಯಕ್ಕೆ ಇಳಿಸಿದ್ದು ಅವರಿಗೆ ಆದ ಅನ್ಯಾಯಗಳಲ್ಲೊಂದು.

ಮಲಾಡಿನಲ್ಲಿ ಮಾತಿನ ಕಾರ್ಖಾನೆ

1933ರಲ್ಲಿ ಜರ್ಮನಿಯ ಅಧಿಕಾರ ಹಿಟ್ಲರನ ಕೈಸೇರಿತು. ಮಾತಿನ ಚಿತ್ರಗಳ ಯುಗದಲ್ಲಿ ಒಂದೇ ಚಿತ್ರವನ್ನು ಹಲವು ದೇಶಗಳಿಗೆ ಮಾರುವುದೂ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಭಾರತಕ್ಕೆ ಮರಳಿದ ದಂಪತಿ 1934ರಲ್ಲಿ ಮುಂಬಯಿಯ ಹೊರವಲಯದ ಮಲಾಡಿನಲ್ಲಿ 'ಬಾಂಬೆ ಟಾಕೀಸ್' ಸ್ಥಾಪಿಸಿದರು. ಅಂದಿನ ಮಲಾಡು ಇಂದಿನ ಮಹಾನಗರದ ಬಡಾವಣೆಯಲ್ಲ; ಊರಾಚೆಯ ತೋಟಗಳ ಸೀಮೆ.

ಬಾಂಬೆ ಟಾಕೀಸ್ ಒಬ್ಬ ಸಾಹುಕಾರನ ಗಂಟಿನಿಂದ ನಡೆದ ಸಂಸ್ಥೆಯಾಗಿರಲಿಲ್ಲ. ಷೇರು ಬಂಡವಾಳದ ಕಂಪನಿಯಾಗಿ ಅದು ರೂಪುಗೊಂಡಿತು. ನಗರದ ಪ್ರತಿಷ್ಠಿತ ಉದ್ಯಮಿಗಳೂ ಕಾನೂನು ಪಂಡಿತರೂ ಅದರ ನಿರ್ದೇಶಕ ಮಂಡಳಿಯಲ್ಲಿದ್ದರು. ಜರ್ಮನಿಯಿಂದ ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್ ಬಂದರು. ಕಥೆ ಬರೆಯಲು ನಿರಂಜನ ಪಾಲ್ ಇದ್ದರು. ಸಂಗೀತ ವಿಭಾಗವನ್ನು ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಪಾರಸಿ ಮಹಿಳೆಯೊಬ್ಬರು ವಹಿಸಿಕೊಂಡರು. ಹಿಂದಿ ಚಿತ್ರರಂಗದ ಮೊದಲ ತಲೆಮಾರಿನ ಸಂಗೀತ ನಿರ್ದೇಶಕಿಯರಲ್ಲಿ ಅವರು ಅಗ್ರಗಣ್ಯರು. ನಟರು, ತಂತ್ರಜ್ಞರು ಎಲ್ಲರಿಗೂ ತಿಂಗಳ ಸಂಬಳ. ಕಲಿತ ಯುವಕರನ್ನು ಕೆಲಸಕ್ಕೆ ಸೇರಿಸಿಕೊಂಡು ತರಬೇತಿ ಕೊಡುವ ಪದ್ಧತಿ ಅಲ್ಲಿತ್ತು.

ಸಂಸ್ಥೆಯ ಮೊದಲ ಚಿತ್ರ 'ಜವಾನಿ ಕಿ ಹವಾ' 1935ರಲ್ಲಿ ಬಂದಿತು. ನಾಯಕ ನಜ್ಮ್-ಉಲ್-ಹಸನ್. ಅದೇ ನಾಯಕನೊಡನೆ 'ಜೀವನ್ ನೈಯಾ' ಆರಂಭವಾದ ಹೊತ್ತಿನಲ್ಲಿ ಸ್ಟುಡಿಯೋವನ್ನು ನಡುಗಿಸಿದ ಘಟನೆ ನಡೆಯಿತು. ದೇವಿಕಾ ರಾಣಿ ನಾಯಕನೊಡನೆ ಕಲ್ಕತ್ತೆಗೆ ಹೊರಟುಹೋದರು. ಸ್ಟುಡಿಯೋದ ಶಶಧರ್ ಮುಖರ್ಜಿ ನಡೆಸಿದ ಸಂಧಾನದ ಫಲವಾಗಿ ಅವರು ಮರಳಿದರು. ನಾಯಕನಿಗೆ ಮಾತ್ರ ಮತ್ತೆ ಪ್ರವೇಶ ದೊರೆಯಲಿಲ್ಲ.

ತೆರವಾದ ಸ್ಥಾನಕ್ಕೆ ಹಿಮಾಂಶು ರಾಯ್ ಆರಿಸಿದ್ದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ, ನಟನೆಯ ಆಸೆಯೇ ಇಲ್ಲದ ಕುಮುದ್‌ಲಾಲ್ ಗಂಗೂಲಿ ಎಂಬ ತರುಣನನ್ನು. ಮುಂದೆ ದೇಶ ಆತನನ್ನು ಅಶೋಕ್ ಕುಮಾರ್ ಎಂದು ಕರೆಯಿತು.

ಈ ಪ್ರಕರಣವನ್ನು ಅನೇಕ ವರ್ಷ ತಾರೆಯ ಚಪಲವೆಂಬಂತೆ ಬಣ್ಣಿಸಲಾಯಿತು. ಆದರೆ ಆಕೆಯ ಪತ್ರಗಳನ್ನು ಆಧರಿಸಿ ಕಿಶ್ವರ್ ದೇಸಾಯಿ ಬರೆದು 2020ರಲ್ಲಿ ಪ್ರಕಟವಾದ ಜೀವನಚರಿತ್ರೆ ಇನ್ನೊಂದು ಮುಖವನ್ನು ತೆರೆದಿಟ್ಟಿತು. ಹೊರಗೆ ಆದರ್ಶವಾಗಿ ಕಂಡ ದಾಂಪತ್ಯದೊಳಗೆ ನೋವು ತುಂಬಿತ್ತು ಎಂಬುದು ಆ ಪುಸ್ತಕದಿಂದ ತಿಳಿದುಬರುತ್ತದೆ. ಸ್ಟುಡಿಯೋದ ಯಶಸ್ಸೆಲ್ಲ ತನ್ನ ಮುಖದ ಮೇಲೆ ನಿಂತಿದ್ದರೂ ಸಂಸ್ಥೆಯ ಅಧಿಕಾರ ಆಗ ಆಕೆಯ ಕೈಯಲ್ಲಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ರೈಲ್ವೆ ಗೇಟಿನ ಕಸ್ತೂರಿ

1936ರಲ್ಲಿ ಬಂದ 'ಅಚ್ಛೂತ್ ಕನ್ಯಾ' ದೇವಿಕಾ ರಾಣಿ ಅವರ ಹೆಸರನ್ನು ಮನೆಮಾತಾಗಿಸಿತು. ಅಸ್ಪೃಶ್ಯ ಜಾತಿಯ ರೈಲ್ವೆ ಗೇಟ್ ಕಾವಲುಗಾರನ ಮಗಳು ಕಸ್ತೂರಿ. ಬ್ರಾಹ್ಮಣ ವ್ಯಾಪಾರಿಯ ಮಗ ಪ್ರತಾಪ. ಬಾಲ್ಯದಿಂದ ಬೆಳೆದ ಒಲವು ಮದುವೆಯಾಗಿ ಫಲಿಸಲು ಊರು ಬಿಡುವುದಿಲ್ಲ. ಇಬ್ಬರಿಗೂ ಬೇರೆಬೇರೆ ಮದುವೆಗಳಾಗುತ್ತವೆ. ಅನುಮಾನ, ಚಾಡಿಮಾತುಗಳು ಬೆಳೆದು ಕೊನೆಗೆ ರೈಲ್ವೆ ಗೇಟಿನ ಬಳಿ ಹೊಡೆದಾಟವಾಗುತ್ತದೆ. ಬರುತ್ತಿರುವ ರೈಲನ್ನು ತಡೆಯಲು ಓಡಿದ ಕಸ್ತೂರಿ ಪ್ರಾಣ ಬಿಡುತ್ತಾಳೆ.

ಗಾಂಧೀಜಿಯವರ ಹರಿಜನೋದ್ಧಾರ ಚಳವಳಿ ದೇಶವನ್ನು ಕಲಕುತ್ತಿದ್ದ ಕಾಲದಲ್ಲಿ ಈ ಕಥೆ ನೇರವಾಗಿ ಜನರ ಮನಸ್ಸನ್ನು ತಟ್ಟಿತು. ಜವಾಹರಲಾಲ್ ನೆಹರೂ, ಸರೋಜಿನಿ ನಾಯ್ಡು ಚಿತ್ರವನ್ನು ವೀಕ್ಷಿಸಿದ್ದರು. ಲಂಡನ್ನಿನಲ್ಲಿ ಬೆಳೆದ ಶ್ರೀಮಂತ ಮನೆತನದ ಹೆಣ್ಣೊಬ್ಬಳು ಹಳ್ಳಿಯ ಬಡ ಹುಡುಗಿಯಾಗಿ ಕಂಡದ್ದರಲ್ಲಿ ಕೃತಕತೆ ಇತ್ತು ಎಂಬ ಟೀಕೆಯೂ ಇದೆ. ತಿದ್ದಿದ ಹುಬ್ಬು, ನಾಜೂಕಾದ ಉಡುಪು ಆ ಟೀಕೆಗೆ ಕಾರಣ. ಆದರೂ ಹಿಂದಿ ಚಿತ್ರರಂಗ ಜಾತಿಯ ಪ್ರಶ್ನೆಯನ್ನು ಕಥೆಯ ಕೇಂದ್ರಕ್ಕೆ ತಂದ ಆರಂಭದ ಪ್ರಯತ್ನಗಳಲ್ಲಿ ಇದು ಮುಖ್ಯವಾದುದು.

ಇದರ ಬೆನ್ನಲ್ಲೇ 'ಜನ್ಮಭೂಮಿ' (1936), 'ಇಜ್ಜತ್' (1937), 'ಸಾವಿತ್ರಿ' (1937), 'ನಿರ್ಮಲಾ' (1938), 'ವಚನ್' (1938), 'ದುರ್ಗಾ' (1939) ಬಂದವು. ಹೆಣ್ಣನ್ನು ಕಥೆಯ ನಡುವೆ ನಿಲ್ಲಿಸಿದ ಚಿತ್ರಗಳಿವು. ಪತ್ರಿಕೆಗಳು ಅವರನ್ನು ಭಾರತೀಯ ತೆರೆಯ ಪ್ರಥಮ ಮಹಿಳೆ ಎಂದು ಕರೆದವು.

ಯಜಮಾನಿಯ ಐದು ವರ್ಷ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗುತ್ತಿದ್ದಂತೆ ಬ್ರಿಟಿಷ್ ಸರ್ಕಾರ ಸ್ಟುಡಿಯೋದ ಜರ್ಮನ್ ತಂತ್ರಜ್ಞರನ್ನು ಬಂಧನದಲ್ಲಿರಿಸಿತು. ನಿರ್ದೇಶಕ, ಛಾಯಾಗ್ರಾಹಕರನ್ನು ಒಂದೇ ಏಟಿಗೆ ಕಳೆದುಕೊಂಡ ಹಿಮಾಂಶು ರಾಯ್ ಅವರ ಆರೋಗ್ಯ ಕುಸಿಯಿತು. 1940ರಲ್ಲಿ ಅವರು ನಿಧನರಾದರು. 32 ವಯಸ್ಸಿನ ವಿಧವೆಯ ಹೆಗಲಿಗೆ ದೇಶದ ಅತ್ಯಂತ ಸುಸಜ್ಜಿತ ಸ್ಟುಡಿಯೋಗಳಲ್ಲೊಂದು ಬಿತ್ತು.

ಹೆಣ್ಣೊಬ್ಬಳು ಇಂಥ ಸಂಸ್ಥೆಯ ಚುಕ್ಕಾಣಿ ಹಿಡಿಯುವುದು ಅಂದು ಅಪರೂಪದಲ್ಲಿ ಅಪರೂಪ. ಅವರ ಆಡಳಿತದ ಅವಧಿಯಲ್ಲಿಯೇ 'ನಯಾ ಸಂಸಾರ್' (1941), 'ಬಸಂತ್' (1942), 'ಕಿಸ್ಮತ್' (1943) ಚಿತ್ರಗಳು ತೆರೆಕಂಡವು. 'ಬಸಂತ್'ನಲ್ಲಿ ನಟಿಸಿದ ಪುಟ್ಟ ಬಾಲಕಿ ಮುಂದೆ ಮಧುಬಾಲಾ ಆಗಿ ಮೆರೆದಳು. ಅಶೋಕ್ ಕುಮಾರ್ ನಾಯಕರಾಗಿದ್ದ 'ಕಿಸ್ಮತ್' ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿ ದಾಖಲೆ ನಿರ್ಮಿಸಿತು.

ಹೊಸಬರನ್ನು ಗುರುತಿಸುವ ಕಣ್ಣು ಅವರಿಗಿತ್ತು. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್ ಎಂಬ ತರುಣನನ್ನು ಕಂಡು ಕೆಲಸಕ್ಕೆ ಕರೆದವರು ಅವರೇ. ತಿಂಗಳಿಗೆ 1,250 ರೂಪಾಯಿ ಸಂಬಳ ಗೊತ್ತುಪಡಿಸಿದಾಗ ಅದು ವರ್ಷದ ಲೆಕ್ಕವಿರಬೇಕೆಂದು ಆ ತರುಣ ಮೊದಲು ಭಾವಿಸಿದ್ದರಂತೆ. 1944ರ 'ಜ್ವಾರ್ ಭಾಟಾ' ಚಿತ್ರದೊಂದಿಗೆ ಆತ ತೆರೆಗೆ ಬಂದದ್ದು ದಿಲೀಪ್ ಕುಮಾರ್ ಎಂಬ ಹೆಸರಿನಲ್ಲಿ. ಆ ಹೆಸರಿನ ಹಿಂದೆ ಇದ್ದದ್ದೂ ದೇವಿಕಾ ರಾಣಿ ಅವರ ಸಲಹೆಯೇ.

ಆದರೆ ಸಂಸ್ಥೆಯೊಳಗೆ ಒಡಕು ಬೆಳೆಯಿತು. ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮತ್ತಿತರರು 1943ರಲ್ಲಿ ಹೊರನಡೆದು 'ಫಿಲ್ಮಿಸ್ತಾನ್' ಕಟ್ಟಿದರು. ಅದೇ ವರ್ಷ ಬಂದ 'ಹಮಾರಿ ಬಾತ್' ದೇವಿಕಾ ನಟಿಸಿದ ಕೊನೆಯ ಚಿತ್ರವಾಯಿತು. 1945ರಲ್ಲಿ ಅವರು ಷೇರುಗಳನ್ನು ಬಿಟ್ಟುಕೊಟ್ಟು ಸಿನಿಮಾದಿಂದ ಪೂರ್ಣ ನಿವೃತ್ತರಾದರು. ಆಗ ಅವರ ವಯಸ್ಸು 37. ಅವರಿಲ್ಲದ ಬಾಂಬೆ ಟಾಕೀಸ್ 1954ರಲ್ಲಿ ಬಾಗಿಲು ಮುಚ್ಚಿತು. ಇಪ್ಪತ್ತು ವರ್ಷಗಳ ಸಂಸ್ಥೆ ಅಳಿದು, ಅದರ ಆವರಣ ಕ್ರಮೇಣ ಸಣ್ಣಪುಟ್ಟ ಉದ್ದಿಮೆಗಳ ಪಾಲಾಯಿತು.

ಕುಲ್ಲು ಕಣಿವೆಯಿಂದ ಕನಕಪುರ ರಸ್ತೆಗೆ

1945ರ ಆಗಸ್ಟ್‌ನಲ್ಲಿ ಅವರು ಸ್ವೆತೊಸ್ಲಾವ್ ರೋರಿಚ್ ಅವರನ್ನು ವಿವಾಹವಾದರು. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಸ್ವೆತೊಸ್ಲಾವ್, ಹಿಮಾಲಯದ ಚಿತ್ರಗಳಿಂದ ಜಗತ್ಪ್ರಸಿದ್ಧರಾದ ನಿಕೋಲಸ್ ರೋರಿಚ್ ಅವರ ಕಿರಿಯ ಮಗ. ತಂದೆ ನಿಕೋಲಸ್ ಚಿತ್ರಕಾರ ಮಾತ್ರವಲ್ಲ. ಯುದ್ಧದ ನಡುವೆಯೂ ಕಲಾಕೃತಿ, ವಸ್ತುಸಂಗ್ರಹಾಲಯ, ವಿದ್ಯಾಸಂಸ್ಥೆಗಳಿಗೆ ರಕ್ಷಣೆ ಇರಬೇಕೆಂದು ಪಟ್ಟುಹಿಡಿದವರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದಕ್ಕೆ 'ರೋರಿಚ್ ಒಪ್ಪಂದ' ಎಂದೇ ಹೆಸರು. ಅದೇ ಮನೆತನದ ಕಲಾಸಂಗ್ರಹವನ್ನು ಕಾಯಲು ಮುಂದೊಂದು ದಿನ ಕರ್ನಾಟಕ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಗಿ ಬಂದುದು ವಿಧಿಯ ವಿಪರ್ಯಾಸ.

ಮೊದಲ ಕೆಲವು ವರ್ಷ ದಂಪತಿ ಕುಲ್ಲು ಕಣಿವೆಯ ನಗ್ಗರದಲ್ಲಿದ್ದರು. ನಿಕೋಲಸ್ 1947ರಲ್ಲಿ ನಿಧನರಾದ ನಂತರ, ನಲವತ್ತರ ದಶಕದ ಕೊನೆಯಲ್ಲಿ, ಅವರು ಬೆಂಗಳೂರಿನತ್ತ ಬಂದು ತಾತಗುಣಿಯಲ್ಲಿ ನೆಲೆಸಿದರು. ಕೆಂಗೇರಿ, ಉತ್ತರಹಳ್ಳಿ ಹೋಬಳಿಗಳ ಕಾವಲು ಭೂಮಿಯಲ್ಲಿ ಹರಡಿದ ಆ ತೋಟದ ಪಕ್ಕದಲ್ಲಿ ಅರಣ್ಯ. ಬನ್ನೇರುಘಟ್ಟದ ಕಡೆಯ ಆನೆಗಳು ಸುಳಿಯುವ ಸೀಮೆ ಅದು.

ತೋಟದ ಮುಖ್ಯ ಬೆಳೆ ಲಿನಾಲೋ. ಮೆಕ್ಸಿಕೋ ಮೂಲದ ಈ ಮರದ ಕಾಯಿಯ ಸಿಪ್ಪೆಯಿಂದ ಬಟ್ಟಿಯಿಳಿಸುವ ಎಣ್ಣೆ ಸುಗಂಧದ್ರವ್ಯಗಳಿಗೆ ಮೂಲವಸ್ತು. 1954ರಲ್ಲಿ ಸರ್ಕಾರ ಲಿನಾಲೋ ಕೃಷಿಗೆಂದೇ ದಂಪತಿಗೆ 100 ಎಕರೆ ಭೂಮಿಯನ್ನು ಮಂಜೂರು ಮಾಡಿತ್ತು. ಒಟ್ಟು ವಿಸ್ತಾರ 468 ಎಕರೆ. ಇದರ ಅಗಾಧತೆ ತಿಳಿಯಬೇಕಾದರೆ ಒಂದು ಹೋಲಿಕೆ ಸಾಕು. ಎಪ್ಪತ್ತರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು 332 ಎಕರೆಯಲ್ಲಿ. ಅದಕ್ಕಿಂತಲೂ ದೊಡ್ಡದು ಈ ತೋಟ.

ನಗರದ ಕಲಾಜೀವನಕ್ಕೂ ಈ ದಂಪತಿಯ ಕೊಡುಗೆ ಸಂದಿತು. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ಸ್ವೆತೊಸ್ಲಾವ್ ಒತ್ತಾಸೆಯಾಗಿ ನಿಂತರು. ತಂದೆಯ ಮತ್ತು ತಮ್ಮ ಚಿತ್ರಗಳನ್ನು ಪರಿಷತ್ತಿಗೆ ನೀಡಿದರು. ಕುಮಾರಕೃಪಾ ರಸ್ತೆಯ ಆವರಣದಲ್ಲಿರುವ ರೋರಿಚ್ ಗ್ಯಾಲರಿ ಅದರ ಸಾಕ್ಷಿ. ಸಂಸತ್ತಿನ ಹಳೆಯ ಭವನದ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಭಾವಚಿತ್ರವೂ ಅವರ ಕುಂಚದ್ದೇ. 1961ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ದೇವಿಕಾ ರಾಣಿ ಅವರಿಗೆ 1958ರಲ್ಲಿಯೇ ಪದ್ಮಶ್ರೀ ಸಂದಿತ್ತು. ಬಳಿಕ ಫಾಲ್ಕೆ ಪ್ರಶಸ್ತಿ, 1990ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ. ಪ್ರಶಸ್ತಿ ಬಂದರೂ ಅವರು ಮತ್ತೆ ಬಣ್ಣ ಹಚ್ಚಲಿಲ್ಲ.

ಸಂಜೆಗತ್ತಲು

ದಂಪತಿಗೆ ಮಕ್ಕಳಿರಲಿಲ್ಲ. ವಯಸ್ಸು ಮಾಗಿ ಆರೋಗ್ಯ ಕೆಟ್ಟ ಕೊನೆಯ ವರ್ಷಗಳಲ್ಲಿ ಅವರು ತೋಟವನ್ನು ಬಿಟ್ಟು ನಗರದ ಹೋಟೆಲೊಂದರಲ್ಲಿ ವಾಸಿಸುತ್ತಿದ್ದರು. ಇದೇ ಹೊತ್ತಿನಲ್ಲಿ ಬೆಂಗಳೂರಿನ ಚಿತ್ರವೂ ಬದಲಾಗುತ್ತಿತ್ತು. ಪೀಣ್ಯದ ಕಾರ್ಖಾನೆಗಳ ಸಾಲು ಬೆಳೆದಿತ್ತು. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳತ್ತ ಮುಖಮಾಡಿದ್ದವು. ನಗರದ ಅಂಚಿನ ಜಮೀನಿಗೆ ಹಿಂದೆಂದೂ ಇಲ್ಲದ ಬೆಲೆ ಬರುತ್ತಿತ್ತು.

ಸ್ವೆತೊಸ್ಲಾವ್ ರೋರಿಚ್ 1993ರ ಜನವರಿ 30ರಂದು ನಿಧನರಾದರು. ದೇವಿಕಾ ರಾಣಿ 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನೆರವೇರಿತು. ಆ ವೇಳೆಗಾಗಲೇ ತೋಟದ ಒಡೆತನದ ಪ್ರಶ್ನೆ ಕಾವೇರಿತ್ತು. ದಂಪತಿಯಿಂದ ತೊಂಬತ್ತರ ದಶಕದ ಆದಿಯಲ್ಲಿ ಕ್ರಯಕ್ಕೆ ಪಡೆದಿರುವುದಾಗಿ ಕೆ.ಟಿ. ಪ್ಲಾಂಟೇಷನ್ ಎಂಬ ಕಂಪನಿ ಭೂಮಿಯ ಮೇಲೆ ಹಕ್ಕು ಸಾಧಿಸಿತ್ತು.

ಇಲ್ಲಿ ಭೂಸುಧಾರಣೆಯ ಒಂದು ಸೂಕ್ಷ್ಮವನ್ನು ಅರಿಯಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆ ಕೃಷಿಭೂಮಿಯ ಒಡೆತನಕ್ಕೆ ಮಿತಿ ಹಾಕುತ್ತದೆ. ನೂರಾರು ಎಕರೆಯ ತೋಟ ಒಂದೇ ಕುಟುಂಬದ ಕೈಯಲ್ಲಿ ಉಳಿಯಲು ಲಿನಾಲೋ ಬೆಳೆಯುವ ಜಮೀನಿಗೆ ಸರ್ಕಾರ ನೀಡಿದ್ದ ವಿನಾಯಿತಿ ಆಸರೆಯಾಗಿತ್ತು. ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳುವ ಅಧಿಸೂಚನೆ ಹೊರಬಿದ್ದದ್ದು 1994ರ ಮಾರ್ಚ್ 8ರಂದು, ಅಂದರೆ ದೇವಿಕಾ ರಾಣಿ ಅವರ ಸಾವಿನ ಮುನ್ನಾದಿನ.

ಮುಂದೆ ರಾಜ್ಯ ವಿಧಾನಮಂಡಲ ಈ ಒಂದು ತೋಟಕ್ಕೆಂದೇ ಕಾಯ್ದೆ ಮಾಡಿತು. 'ರೋರಿಚ್ ಮತ್ತು ದೇವಿಕಾರಾಣಿ ರೋರಿಚ್ ಎಸ್ಟೇಟ್ (ಸ್ವಾಧೀನ ಮತ್ತು ವರ್ಗಾವಣೆ) ಕಾಯ್ದೆ, 1996' ಎಂಬುದು ಅದರ ಹೆಸರು. ಮರಗಳನ್ನೂ ವರ್ಣಚಿತ್ರ, ಕಲಾವಸ್ತುಗಳನ್ನೂ ಸಂರಕ್ಷಿಸುವುದು, ಕಲಾ ಗ್ಯಾಲರಿ ಮತ್ತು ವಸ್ತುಸಂಗ್ರಹಾಲಯವನ್ನು ಸ್ಥಾಪಿಸುವುದು ಅದರ ಉದ್ದೇಶ. ಎಸ್ಟೇಟಿಗೆ ಪ್ರತಿಯಾಗಿ 5 ಕೋಟಿ ರೂಪಾಯಿ ಮೊತ್ತವನ್ನು ಕಾಯ್ದೆ ಗೊತ್ತುಪಡಿಸಿತು. ಕಂಪನಿ ಇದನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿತು.

ಸಂವಿಧಾನ ಪೀಠದ ಮುಂದೆ ತಾತಗುಣಿ

ಪ್ರಕರಣ ಅಂತಿಮವಾಗಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅದರ ನೇತೃತ್ವ ವಹಿಸಿದ್ದರು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್. 2011ರ ಆಗಸ್ಟ್ 9ರಂದು ಹೊರಬಿದ್ದ ತೀರ್ಪು 1996ರ ಕಾಯ್ದೆಯನ್ನೂ ವಿನಾಯಿತಿ ಹಿಂತೆಗೆತವನ್ನೂ ಎತ್ತಿಹಿಡಿಯಿತು.

ತೀರ್ಪಿನ ಮಹತ್ವ ಅಷ್ಟಕ್ಕೇ ಮುಗಿಯುವುದಿಲ್ಲ. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಅದರ ಸ್ಥಾನದಲ್ಲಿ ಬಂದ 300ಎ ವಿಧಿಯು ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎಂದಷ್ಟೇ ಹೇಳುತ್ತದೆ. ಪರಿಹಾರದ ಮಾತು ಅದರಲ್ಲಿ ಇಲ್ಲ. ಹಾಗಾದರೆ ಕಾಯ್ದೆಯೊಂದನ್ನು ಮಾಡಿ ಸರ್ಕಾರ ಪುಕ್ಕಟೆಯಾಗಿ ಭೂಮಿ ಪಡೆಯಬಹುದೇ? ತಾತಗುಣಿ ಪ್ರಕರಣ ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟಿತು.

ಪೀಠ ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿತು. ಒಂದು: ಆಸ್ತಿಯನ್ನು ವಶಪಡಿಸಿಕೊಳ್ಳಲು ಸಾರ್ವಜನಿಕ ಉದ್ದೇಶ ಇರಲೇಬೇಕು. ಎರಡು: ವಿಧಿಯಲ್ಲಿ ಅಕ್ಷರಶಃ ಬರೆಯದಿದ್ದರೂ ಪರಿಹಾರ ಕೇಳುವ ಹಕ್ಕು ಅದರೊಳಗೆ ಅಡಗಿದೆ. ಪರಿಹಾರ ಯಾವಾಗಲೂ ಮಾರುಕಟ್ಟೆ ದರಕ್ಕೆ ಸಮನಾಗಿರಬೇಕೆಂದಿಲ್ಲ. ಆದರೆ ಏನನ್ನೂ ಕೊಡದಿದ್ದರೆ ಅಥವಾ ಹೆಸರಿಗಷ್ಟೇ ಕೊಟ್ಟರೆ, ಅದಕ್ಕೆ ತಕ್ಕ ಕಾರಣವನ್ನು ಸರ್ಕಾರ ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. ಆಸ್ತಿ ಹಕ್ಕಿನ ಮೊಕದ್ದಮೆಗಳಲ್ಲಿ ಈ ತೀರ್ಪನ್ನು ದೇಶದೆಲ್ಲೆಡೆ ವಕೀಲರು ಉಲ್ಲೇಖಿಸುತ್ತಾರೆ. ಕಾರ್ಖಾನೆ, ಐಟಿ ಪಾರ್ಕ್, ಹೆದ್ದಾರಿಗಳಿಗೆ ಭೂಮಿ ಬಿಟ್ಟುಕೊಟ್ಟ ಬೆಂಗಳೂರು ಹೊರವಲಯದ ರೈತನಿಗೂ ಈ ಮಾತು ಸಂಬಂಧಿಸಿದ್ದೇ.

ತೀರ್ಪು ಹಾಕಿಕೊಟ್ಟ ಅಳತೆಗೋಲು

2011ರಲ್ಲಿಯೇ ಭಾರತೀಯ ಅಂಚೆ ಇಲಾಖೆ ಹಿಂದಿನ ತಲೆಮಾರಿನ ನಟಿಯರ ಸ್ಮರಣೆಗೆ ಹೊರತಂದ ಅಂಚೆಚೀಟಿಗಳಲ್ಲಿ ದೇವಿಕಾ ರಾಣಿ ಅವರ ಚಿತ್ರವೂ ಇತ್ತು. ಅದೇ ವರ್ಷ ಅವರ ತೋಟ ರಾಜ್ಯದ ಜನರದಾಯಿತು. ಅದನ್ನು ಹೇಗೆ ಬಳಸಬೇಕೆಂಬ ಚರ್ಚೆ ಆ ಬಳಿಕವೂ ನಿಲ್ಲಲಿಲ್ಲ. 2020ರ ಸುಮಾರಿಗೆ ಇಲ್ಲಿ ಚಲನಚಿತ್ರ ನಗರಿ ನಿರ್ಮಿಸುವ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ಮೊದಲ ಫಾಲ್ಕೆ ಪುರಸ್ಕೃತೆಯ ನೆಲದಲ್ಲಿ ಚಿತ್ರನಗರಿ ಎಂಬುದು ಕೇಳಲು ಸೊಗಸು. ಆದರೆ ಕಾಡಿನ ಅಂಚಿನ ಆನೆಗಳ ಜಾಡಿಗೆ ಧಕ್ಕೆಯಾಗುತ್ತದೆ ಎಂದು ಪರಿಸರ ಪ್ರೇಮಿಗಳು ವಿರೋಧಿಸಿದರು.

ಪೀಣ್ಯವನ್ನು ಹಾದು ಬರುವ ಮೆಟ್ರೋ ಹಸಿರು ಮಾರ್ಗ 2021ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದಿತು. ತಾತಗುಣಿ ಅಲ್ಲಿಂದ ಹೆಚ್ಚು ದೂರವಿಲ್ಲ. ರಸ್ತೆಯ ಇಕ್ಕೆಲಗಳಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಒಂದು ಕಾಲದಲ್ಲಿ ಊರಾಚೆ ಎನಿಸಿದ್ದ ತೋಟದ ಬೇಲಿಗೆ ಮಹಾನಗರ ಬಂದು ತಾಗಿದೆ. ಮಲಾಡಿನಲ್ಲಿ ನಡೆದದ್ದೂ ಇದೇ ಅಲ್ಲವೇ?

ಮಲಾಡಿಗೂ ತಾತಗುಣಿಗೂ ವ್ಯತ್ಯಾಸವಿರುವುದು ಒಂದೇ ಅಂಶದಲ್ಲಿ. ಬಾಂಬೆ ಟಾಕೀಸ್ ಖಾಸಗಿ ಕಂಪನಿ. ಅದು ಮುಳುಗಿದಾಗ ಕೇಳುವವರಿರಲಿಲ್ಲ. ತಾತಗುಣಿಯನ್ನು ರಾಜ್ಯ ಪಡೆದದ್ದು ಮರಗಳನ್ನೂ ಕಲೆಯನ್ನೂ ಕಾಯುತ್ತೇವೆಂಬ ವಾಗ್ದಾನದ ಮೇಲೆ. ಸಂವಿಧಾನ ಪೀಠ ಕಾಯ್ದೆಯನ್ನು ಎತ್ತಿಹಿಡಿದದ್ದೂ ಆ ಸಾರ್ವಜನಿಕ ಉದ್ದೇಶವನ್ನು ನಂಬಿಯೇ. ಆದ್ದರಿಂದ ಈ ನೆಲಕ್ಕೆ ಯಾವ ಸರ್ಕಾರ ಯಾವ ಯೋಜನೆಯನ್ನು ತಂದರೂ ಅದನ್ನು ಅಳೆಯಲು ಬೇರೆ ಅಳತೆಗೋಲು ಬೇಕಿಲ್ಲ. 1996ರ ಕಾಯ್ದೆ ಹೇಳಿದ ಮರ, ಚಿತ್ರ, ವಸ್ತುಸಂಗ್ರಹಾಲಯ ಎಂಬ ಮೂರು ಮಾತುಗಳು ಸಾಕು. ತೆರೆಯ ಮೇಲಿನ ಹತ್ತು ವರ್ಷಗಳನ್ನು ಚಿತ್ರಸುರುಳಿಗಳು ಹೇಗೋ ಕಾಪಾಡಿವೆ. ತೋಟದ ನಾಲ್ಕು ದಶಕಗಳನ್ನು ಕಾಪಾಡುವ ಹೊಣೆಯನ್ನು ಕರ್ನಾಟಕ ತಾನಾಗಿಯೇ, ಕಾನೂನಿನ ಮೂಲಕವೇ, ಹೊತ್ತುಕೊಂಡಿದೆ.